ಕಾಕಾ ಹಾಕಿದ ಫಾರ್ವರ್ಡು ಮತ್ತು ಕನ್ಸಾಸಿನ ಜಗಳ

ಇದು ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದದ್ದು. ಶುಭೋದಯದ ಹೂವಿನ ಚಿತ್ರಗಳನ್ನು ತೆಗೆದಿದ್ದೇನೆ. ನಡುವೆ ನುಗ್ಗಿದ ಬೇರೆ ಮಾತು ಒಂದೆರಡು ಉಳಿದಿವೆ, ಇರಲಿ.

ಕಾಕಾ (ಫಾರ್ವರ್ಡ್): ಶಾಲೆಯಲ್ಲಿ ಹೇಳದ ಸತ್ಯ!! ಅಮೆರಿಕದ ಅಂತರ್ಯುದ್ಧ (1861-65) ಗುಲಾಮಗಿರಿಗಾಗಿ ನಡೆದದ್ದೇ ಅಲ್ಲ. ಉತ್ತರದವರು ಹೇರಿದ ಸುಂಕದ ವಿರುದ್ಧ ದಕ್ಷಿಣದ ರಾಜ್ಯಗಳು ತಮ್ಮ ಹಕ್ಕಿಗಾಗಿ ಎದ್ದು ನಿಂತವು. ಲಿಂಕನ್‌ಗೆ ಗುಲಾಮರ ಬಗ್ಗೆ ಕಾಳಜಿಯೇ ಇರಲಿಲ್ಲ. ಎಲ್ಲ ಗುಂಪುಗಳಿಗೂ ಕಳಿಸಿ!!

ಕಾಕಾ: ಓದಿ ನೋಡ್ರಿ ಎಲ್ಲರೂ. ನಾನು ಮೊದಲಿಂದ ಇದನ್ನೇ ಹೇಳ್ತಾ ಬಂದಿದ್ದೇನೆ.

ಅತ್ಯಾ: ಛಲೋ ಮಾಹಿತಿ.

ನಾನು: ಕಾಕಾ, ಸುಂಕದ ಮಾತು ಮೊದಲು ಮುಗಿಸಿಬಿಡೋಣ, ಅದು ಸುಲಭ. 1857ರಲ್ಲಿ ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿಯ ಸಂಸತ್ತು, ಆಮದು ಸುಂಕವನ್ನು ಇಳಿಸಿತು. ಮುಂದೆ ನಿಂತು ಇಳಿಸಿದವನು ವರ್ಜೀನಿಯಾದ ಸೆನೆಟರ್ (ಮೇಲ್ಮನೆ ಸದಸ್ಯ) ಹಂಟರ್, ದಕ್ಷಿಣದವನೇ. ಮತ್ತೆ ಏರಿಸಿದ್ದು ಮಾರಿಲ್ ಕಾಯ್ದೆ, ಅದಕ್ಕೆ ಸಹಿ ಬಿದ್ದದ್ದು 1861ರ ಮಾರ್ಚ್ 2ಕ್ಕೆ. ಅಷ್ಟರಲ್ಲಿ ದಕ್ಷಿಣದ ಏಳು ರಾಜ್ಯಗಳು ಅಮೆರಿಕದ ಒಕ್ಕೂಟ ಬಿಟ್ಟು ಹೋಗಿ ಆಗಿತ್ತು. ಅವರ ಸೆನೆಟರುಗಳು ಎದ್ದು ಹೋದದ್ದರಿಂದಲೇ ಆ ಮಸೂದೆ ಪಾಸಾಯಿತು. ಫೆಬ್ರುವರಿಯೊಳಗೆ ಮನೆ ಬಿಟ್ಟವರು ಮಾರ್ಚಿನ ಸುಂಕಕ್ಕೆ ಸಿಟ್ಟಾಗಿ ಬಿಟ್ಟರಾ?

ಕಾಕಾ: ಬರ್ತದೆ ಅಂತ ಗೊತ್ತಿತ್ತು ಅವರಿಗೆ. ಆಯ್ತು, ಸುಂಕ ಪಕ್ಕಕ್ಕಿಡು. ರಾಜ್ಯಗಳ ಹಕ್ಕಿನ ಮಾತಿಗೆ ಏನಂತಿ? ದಿಲ್ಲಿಯವರು ನಮ್ಮ ಮೇಲೆ ಏನಾದರೂ ಹೇರಿದರೆ ನಾವು ಸುಮ್ನಿರ್ತೀವೇನವ್ವಾ?

ಕಾಕು: ಮಂಗಳವಾರದ ಸತ್ಯನಾರಾಯಣ ಪೂಜೆಗೆ ಯಾರ್‍ಯಾರು ಬರ್ತೀರಿ, ಹೆಸರು ಹೇಳ್ರಿ.

ನಾನು: ಕಾಕು, ನಾನು ಬರ್ತೀನಿ. ಕಾಕಾ, ರಾಜ್ಯಗಳ ಹಕ್ಕನ್ನು ಮೊದಲು ತುಳಿದವರೇ ದಕ್ಷಿಣದವರು. 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕೇಂದ್ರದ ಹೊಸ ಕಾಯ್ದೆ ಬಂತು. ಅದು ಬೇಕು ಅಂತ ಹಟ ಹಿಡಿದವರು ಅವರು. ಉತ್ತರದ ಒಂದು ಊರಲ್ಲಿ ಒಬ್ಬ ಕಪ್ಪು ಮನುಷ್ಯ ವರ್ಷಗಟ್ಟಲೆ ದುಡಿದು ಬದುಕುತ್ತಾ ಇರ್ತಾನೆ. ದಕ್ಷಿಣದಿಂದ ಒಬ್ಬ ಬಂದು ಇವನು ನನ್ನವನು ಅಂತಾನೆ. ಸಿಕ್ಕಿಬಿದ್ದವನಿಗೆ ಜ್ಯೂರಿ ಇಲ್ಲ. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಹಾಗೂ ಇಲ್ಲ. ಕೇಂದ್ರ ಸರ್ಕಾರದ ಕಮಿಷನರ್ ಒಬ್ಬ ಕೂತು ತೀರ್ಮಾನ ಮಾಡ್ತಾನೆ. ಗುಲಾಮ ಅಂತ ಬರೆದುಕೊಟ್ಟರೆ ಅವನ ಫೀಸು 10 ಡಾಲರ್. ಅಲ್ಲ ಅಂತ ಬಿಟ್ಟರೆ 5 ಡಾಲರ್. ಕಾಗದಪತ್ರದ ಕೆಲಸ ಜಾಸ್ತಿ ಅನ್ನೋದು ಅವರು ಕೊಟ್ಟ ಕಾರಣ. ಸುತ್ತ ನಿಂತ ಜನರನ್ನೂ ಹಿಡಿಯೋದಕ್ಕೆ ಕರೀಬಹುದು, ಅವರು ಬರಲೇಬೇಕು.

ತಂಗಿ: 10 ಮತ್ತು 5? ಇದು ನಿಜವಾಗಲೂ ಕಾಯ್ದೆಯಲ್ಲಿ ಬರೆದಿತ್ತಾ?

ನಾನು: ಕಾಯ್ದೆಯಲ್ಲೇ ಇತ್ತು. 1854ರಲ್ಲಿ ಬಾಸ್ಟನ್‌ನಲ್ಲಿ ಆಂಟನಿ ಬರ್ನ್ಸ್ ಅನ್ನುವವನನ್ನು ಹೀಗೇ ಹಿಡಿದರು. ಅವನನ್ನು ದಕ್ಷಿಣಕ್ಕೆ ವಾಪಸ್ ಒಯ್ಯುವ ಹಡಗಿಗೆ ಹತ್ತಿಸಲು ಸೈನಿಕರನ್ನು ನಿಲ್ಲಿಸಬೇಕಾಯಿತು, ಫಿರಂಗಿ ತರಿಸಬೇಕಾಯಿತು. ದಾರಿಯುದ್ದಕ್ಕೂ ಜನ ಕಟ್ಟಡಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಒಂದು ಶವಪೆಟ್ಟಿಗೆಯನ್ನು ಬೀದಿಯ ಮೇಲೆ ತೂಗುಹಾಕಿದ್ದರು, ಅದರ ಮೇಲೆ 'ಸ್ವಾತಂತ್ರ್ಯ' ಅಂತ ಬರೆದಿತ್ತು. ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟು ಈ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಅಂದಿತು. ರಾಜ್ಯದ ಹಕ್ಕು ಅಂದರೆ ಅದು, ಕಾಕಾ. 1859ರಲ್ಲಿ ಕೇಂದ್ರದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಆಗ ದಕ್ಷಿಣದವರು ರಾಜ್ಯಗಳ ಪರ ನಿಂತರಾ? ಇಲ್ಲ.

ಕಾಕಾ: ಹೂಂ. ಆದರೆ ಇದೆಲ್ಲ ಕೋರ್ಟು ಕಚೇರಿ ಮಾತು. ಇಷ್ಟಕ್ಕೇ ಯುದ್ಧ ಆಗ್ತದೇನು?

ಅಣ್ಣ (ಕನ್ಸಾಸ್): ಕಾಕಾ, ಇಲ್ಲಿ ಈಗ ರಾತ್ರಿ, ಆದರೂ ಬರೀತೀನಿ, ಯಾಕಂದರೆ ಮೊದಲ ರಕ್ತ ಬಿದ್ದದ್ದು ನಮ್ಮ ಕಡೆ. 1820ರಲ್ಲಿ ಒಂದು ಒಪ್ಪಂದ ಆಗಿತ್ತು. ಮಿಸ್ಸೂರಿಯಲ್ಲಿ ಗುಲಾಮಗಿರಿ ಇರಲಿ, ಮೇಯ್ನ್‌ನಲ್ಲಿ ಬೇಡ. ಪಶ್ಚಿಮಕ್ಕೆ ಉಳಿದ ನೆಲದಲ್ಲಿ 36 ಡಿಗ್ರಿ 30 ನಿಮಿಷದ ಗೆರೆಯಿಂದ ಉತ್ತರಕ್ಕೆ ಗುಲಾಮಗಿರಿ ಕೂಡದು. ಕನ್ಸಾಸ್ ಆಗಿನ್ನೂ ರಾಜ್ಯ ಆಗಿರಲಿಲ್ಲ, ಅದು ಇರೋದು ಆ ಗೆರೆಯ ಉತ್ತರಕ್ಕೆ. 1854ರಲ್ಲಿ ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಾಸ್ ಆ ಗೆರೆಯನ್ನೇ ಅಳಿಸಿಹಾಕಿಸಿದ. ಶಿಕಾಗೋದಿಂದ ಪಶ್ಚಿಮಕ್ಕೆ ರೈಲು ಹಾಕಬೇಕು ಅನ್ನೋದು ಅವನ ಆಸೆ, ಅದಕ್ಕೆ ದಕ್ಷಿಣದವರ ಓಟು ಬೇಕಿತ್ತು. ಗುಲಾಮಗಿರಿ ಬೇಕೋ ಬೇಡವೋ, ಅಲ್ಲಿ ಹೋಗಿ ನೆಲೆಸಿದವರೇ ತೀರ್ಮಾನ ಮಾಡಲಿ ಅಂದ.

ಕಾಕಾ: ಅದರಲ್ಲಿ ತಪ್ಪೇನು? ಪ್ರಜಾಪ್ರಭುತ್ವ ಅಲ್ವಾ?

ಅಣ್ಣ: ಕೇಳಿ. 1855ರ ಮಾರ್ಚ್ 30ಕ್ಕೆ ಕನ್ಸಾಸಿನ ಶಾಸನಸಭೆಗೆ ಚುನಾವಣೆ. ಜನಗಣತಿ ಪ್ರಕಾರ ಓಟಿನ ಹಕ್ಕು ಇದ್ದವರು 2,905. ಬಿದ್ದ ಓಟು 6,307. ಪಕ್ಕದ ಮಿಸ್ಸೂರಿಯಿಂದ ಬಂದೂಕು ಹಿಡಿದು, ಬಂಡಿ ಕಟ್ಟಿಕೊಂಡು ಬಂದರು, ಓಟು ಹಾಕಿ ಊರಿಗೆ ಹೋದರು.

ಅತ್ಯಾ: ನಮ್ಮ ಸೊಸೈಟಿ ಚುನಾವಣೆ ಹಾಗೇ ಆಯ್ತಲ್ಲ!

ಅಣ್ಣ: ಅತ್ಯಾ, ನಿಮ್ಮ ಸೊಸೈಟಿಯವರು ಆಮೇಲೆ ಇಂಥ ಕಾಯ್ದೆ ಮಾಡಲಿಲ್ಲ. ಹೀಗೆ ಗೆದ್ದುಬಂದ ಶಾಸಕರು, ಈ ಪ್ರದೇಶದಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ ಅಂತ ಹೇಳಿದರೆ ಸಾಕು, ಅದೇ ಅಪರಾಧ ಅಂತ ಬರೆದರು. ಗುಲಾಮರನ್ನು ದಂಗೆಗೆ ಎಬ್ಬಿಸಿದರೆ ಮರಣದಂಡನೆ. ಇದಕ್ಕೆ ಒಪ್ಪದವರು ಟೊಪೀಕಾದಲ್ಲಿ ತಮ್ಮದೇ ಬೇರೆ ಸರ್ಕಾರ ಕಟ್ಟಿಕೊಂಡರು. ಪೂರ್ವದಿಂದ ಅವರಿಗೆ ಶಾರ್ಪ್ಸ್ ಬಂದೂಕುಗಳು ಬಂದವು. 1856ರ ಮೇ 21ಕ್ಕೆ ಗುಲಾಮಗಿರಿಯ ಪರ ಇದ್ದವರು ಈ ವಿರೋಧಿಗಳ ಊರಾದ ಲಾರೆನ್ಸ್‌ಗೆ ನುಗ್ಗಿ ಪತ್ರಿಕೆಗಳ ಮುದ್ರಣಾಲಯ ಒಡೆದರು, ಹೋಟೆಲ್ ಸುಟ್ಟರು. ಮರುದಿನ ವಾಷಿಂಗ್ಟನ್‌ನಲ್ಲಿ, ಸೆನೆಟ್ ಸಭಾಂಗಣದ ಒಳಗೇ, ದಕ್ಷಿಣ ಕ್ಯಾರೊಲಿನಾದ ಕೆಳಮನೆ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಬೆತ್ತ ತಗೊಂಡು ಮ್ಯಾಸಚೂಸೆಟ್ಸ್‌ನ ಸೆನೆಟರ್ ಸಮ್ನರ್‌ನನ್ನು ಪ್ರಜ್ಞೆ ತಪ್ಪುವ ಹಾಗೆ ಹೊಡೆದ. ಕನ್ಸಾಸ್ ಬಗ್ಗೆ ಸಮ್ನರ್ ಗುಲಾಮಗಿರಿಯ ವಿರುದ್ಧ ಮಾಡಿದ ಭಾಷಣಕ್ಕೆ ಆ ಸಿಟ್ಟು. ಅದಾದ ಎರಡೇ ದಿನಕ್ಕೆ ಜಾನ್ ಬ್ರೌನ್ ಮತ್ತು ಅವನ ಕಡೆಯವರು ಪೊಟವಾಟೊಮಿ ಹಳ್ಳದ ಹತ್ತಿರ ಐದು ಜನರನ್ನು ರಾತ್ರಿ ಮನೆಯಿಂದ ಎಳೆದು ಕತ್ತಿಯಿಂದ ಕೊಂದರು. ಇದು ಗುಲಾಮಗಿರಿ ವಿರೋಧಿಗಳ ಕಡೆಯ ಕೆಲಸ, ಮುಚ್ಚಿಡೋದಿಲ್ಲ.

ತಂಗಿ: ಅಣ್ಣಾ, ನೀನು ಹೋದ ವರ್ಷ ಒಂದು ಹಳೇ ಕಟ್ಟಡದ ಫೋಟೊ ಹಾಕಿದ್ದೆ, ಅದು ಎಲ್ಲಿಯದು?

ಅಣ್ಣ: ಲಿಕಾಂಪ್ಟನ್. ಲಾರೆನ್ಸ್ ಹತ್ತಿರದ ಸಣ್ಣ ಊರು. ಬಿಳಿ ಹಲಗೆಯ ಎರಡಂತಸ್ತಿನ ಕಟ್ಟಡ, ಇವತ್ತಿಗೂ ನಿಂತಿದೆ. ಕೆಳಗೆ ಸರ್ಕಾರಿ ಭೂಮಿ ಕಚೇರಿ ಇತ್ತು, ವಲಸೆ ಬಂದವರು ಜಮೀನು ಬರೆಸಿಕೊಳ್ಳಲು ಅಲ್ಲಿಗೇ ಬರ್ತಿದ್ದರು. ಅದರ ಮೇಲಿನ ಕೋಣೆಯಲ್ಲಿ 1857ರಲ್ಲಿ ಕೂತು ಕನ್ಸಾಸನ್ನು ಗುಲಾಮಗಿರಿಯ ರಾಜ್ಯ ಮಾಡುವ ಸಂವಿಧಾನ ಬರೆದರು. ಮೇಲೆ ನಿಂತರೆ ಮರದ ನೆಲ ಕಿರ್ ಅಂತದೆ. ಕೆಳಗಿನವರಿಗೆ ಮೇಲಿನವರ ಮಾತು ಕೇಳಿಸಿರಬೇಕು ಅನ್ನಿಸಿತು ನನಗೆ. 1858ರ ಆಗಸ್ಟಿನಲ್ಲಿ ಜನ ಅದನ್ನು 11,300ಕ್ಕೆ 1,788 ಓಟಿನಿಂದ ಎತ್ತಿ ಒಗೆದರು.

ಕಾಕಾ: ಒಂದು ಮಾತು ಹೇಳು. ಕನ್ಸಾಸಿನಲ್ಲಿ ಹತ್ತಿ ಬೆಳೆಯೋದು ಅಷ್ಟಕ್ಕಷ್ಟೇ. ನಮ್ಮ ಅಪ್ಪಂದು ಹುಬ್ಬಳ್ಳಿಯಲ್ಲಿ ಹತ್ತಿ ಅಡತಿ ಅಂಗಡಿ ಇತ್ತು, ನನಗೆ ಹತ್ತಿ ಗೊತ್ತು. ಆ ನೆಲಕ್ಕೆ ದಕ್ಷಿಣದವರು ಯಾಕೆ ಜೀವ ಬಿಡ್ತಾರೆ?

ನಾನು: ಒಳ್ಳೆ ಪ್ರಶ್ನೆ ಕಾಕಾ. ಅವರಿಗೆ ಬೇಕಿದ್ದದ್ದು ಸೆನೆಟಿನ ಕುರ್ಚಿ. ದೊಡ್ಡದಿರಲಿ ಸಣ್ಣದಿರಲಿ, ಒಂದು ರಾಜ್ಯಕ್ಕೆ ಎರಡು ಸೆನೆಟರು. ಎರಡೂ ಕಡೆ 15 ರಾಜ್ಯಗಳಿದ್ದಾಗ 1850ರಲ್ಲಿ ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಒಳಗೆ ಬಂತು. ತಕ್ಕಡಿ ಅಲ್ಲಿಗೆ ವಾಲಿತು. ಮೆಕ್ಸಿಕೋ ಜೊತೆ ಯುದ್ಧ ಮಾಡಿ 1848ರಲ್ಲಿ ಗೆದ್ದ ನೆಲ ಪೂರ್ತಿ ಮುಂದೆ ಬಿದ್ದಿತ್ತು, ಅದೂ ಕೈ ತಪ್ಪಿದರೆ ಮುಗೀತು ಅನ್ನೋ ಭಯ. ಇನ್ನು ಹತ್ತಿ. ಬೆಳೆದು ಬೆಳೆದು ಜಾರ್ಜಿಯಾ, ಕ್ಯಾರೊಲಿನಾಗಳ ಮಣ್ಣು ಸೋತಂತೆ ಅಲಬಾಮಾ, ಮಿಸಿಸಿಪ್ಪಿ, ಟೆಕ್ಸಾಸ್ ಕಡೆ ಸರಿದರು. ಜೊತೆಗೆ ಗುಲಾಮರನ್ನೂ ಸಾಗಿಸಿದರು. ಯುದ್ಧಕ್ಕೆ ಮೊದಲಿನ ಎಪ್ಪತ್ತು ವರ್ಷಗಳಲ್ಲಿ ಹೀಗೆ ಹಳೇ ರಾಜ್ಯಗಳಿಂದ ಹೊಸ ಹತ್ತಿ ಸೀಮೆಗೆ ಹೋದವರು ಸುಮಾರು 10 ಲಕ್ಷ. ತಾಯಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಮಾರಾಟ. ಹೊಸ ನೆಲ ಸಿಕ್ಕಷ್ಟೂ ಹಳೇ ರಾಜ್ಯದ ಮಾಲೀಕನ ಗುಲಾಮರಿಗೆ ಬೆಲೆ.

ಕಾಕಾ: ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿ ಬೆಳೆಯುವ ಪ್ರಯೋಗ ಆಗಿತ್ತು ಅಂತ ಅಪ್ಪ ಹೇಳ್ತಿದ್ದರು.

ನಾನು: ಆಗಿತ್ತು, 1840ರ ದಶಕದಲ್ಲಿ. ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದಿಂದ ತೋಟಗಾರರನ್ನೇ ಕರೆಸಿದ್ದರು. ಮುಂದೆ ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ, ಕುಮಟಾ ಬಂದರಿಗೆ ಒಮ್ಮೆಲೇ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಬಿತ್ತು. ಆದರೆ ಅದು ಬೇರೆ ಕಥೆ, ಅದನ್ನು ನೀವೇ ಬರೀಬೇಕು.

ಅತ್ಯಾ: ನನ್ನದೊಂದು ದಡ್ಡ ಪ್ರಶ್ನೆ. ಉತ್ತರದವರು, ದಕ್ಷಿಣದವರು ಅಂತ ಹೊಡೆದಾಡಿದರಲ್ಲ, ಆ ಜಮೀನು ಅದಕ್ಕೂ ಮೊದಲು ಯಾರದಿತ್ತು?

ಅಣ್ಣ: ದಡ್ಡ ಪ್ರಶ್ನೆ ಅಲ್ಲವೇ ಅಲ್ಲ ಅತ್ಯಾ. ಕಾ ಮತ್ತು ಓಸೇಜ್ ಜನರದ್ದು. ಶಾನೀ, ಡೆಲವೇರ್ ಜನರನ್ನು ಪೂರ್ವದಿಂದ ಒಕ್ಕಲೆಬ್ಬಿಸಿ, ಇನ್ನು ಮುಂದೆ ಇದೇ ನಿಮ್ಮ ನೆಲ ಅಂತ ಮಾತು ಕೊಟ್ಟು ಇಲ್ಲಿಗೆ ತಂದಿದ್ದರು. 1854ರಲ್ಲಿ ಕನ್ಸಾಸ್ ತೆರೆಯುವ ಮುಂಚೆ ಅವರಿಂದ ಒಪ್ಪಂದ ಬರೆಸಿಕೊಂಡು ಮತ್ತೆ ಮೂಲೆಗೆ ತಳ್ಳಿದರು. ಅವರನ್ನು ಯಾರೂ ಓಟು ಕೇಳಲಿಲ್ಲ.

ಕಾಕಾ: ನೋಡಿದಿರಾ! ಉತ್ತರದವರೇನು ಸಾಚಾ ಅಲ್ಲ ಅಂತಾಯ್ತು.

ನಾನು: ಸಾಚಾ ಅಂತ ನಾನು ಎಲ್ಲೂ ಹೇಳಿಲ್ಲ. ಟೊಪೀಕಾದ ಆ ಗುಲಾಮಗಿರಿ ವಿರೋಧಿ ಜನರೇ 1855ರಲ್ಲಿ, ಸ್ವತಂತ್ರ ಕಪ್ಪು ಜನರೂ ಕನ್ಸಾಸಿಗೆ ಬರಬಾರದು ಅಂತ ದೊಡ್ಡ ಬಹುಮತದಿಂದ ಓಟು ಹಾಕಿದರು. ಅವರಲ್ಲಿ ಬಹಳ ಜನಕ್ಕೆ ಬೇಕಿದ್ದದ್ದು ಬಿಳಿಯ ರೈತನಿಗೆ ಜಮೀನು. ಗುಲಾಮರ ದುಡಿತದ ಎದುರು ಕೂಲಿಯಾಳು ಬದುಕಲಾರ ಅನ್ನೋ ಲೆಕ್ಕ. ಕರುಣೆ ಕೆಲವರಲ್ಲಿ ಮಾತ್ರ. ಆದರೆ ಜಗಳದ ವಿಷಯ ಗುಲಾಮಗಿರಿಯೇ, ಅದು ಪಶ್ಚಿಮಕ್ಕೆ ಹಬ್ಬಬೇಕೋ ಬೇಡವೋ ಅನ್ನೋದೇ. 1857ರಲ್ಲಿ ಡ್ರೆಡ್ ಸ್ಕಾಟ್ ಅನ್ನುವ ಗುಲಾಮನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪಶ್ಚಿಮದ ಪ್ರದೇಶಗಳಲ್ಲಿ ಗುಲಾಮಗಿರಿ ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೇ ಇಲ್ಲ ಅಂದಿತು. 1860ರ ಡಿಸೆಂಬರಿನಲ್ಲಿ ಸೆನೆಟರ್ ಕ್ರಿಟೆಂಡನ್‌ನ ರಾಜಿ ಸೂತ್ರ ಬಂತು: ಹಳೇ 36 ಡಿಗ್ರಿ 30 ನಿಮಿಷದ ಗೆರೆಯನ್ನು ಕ್ಯಾಲಿಫೋರ್ನಿಯಾ ಗಡಿವರೆಗೆ ಎಳೆಯೋಣ, ಕೆಳಗೆ ಗುಲಾಮಗಿರಿ ಇರಲಿ. ಇರುವ ರಾಜ್ಯಗಳಲ್ಲಿ ಗುಲಾಮಗಿರಿ ಮುಟ್ಟೋದಿಲ್ಲ ಅಂತ, ಆಗಷ್ಟೇ ಅಧ್ಯಕ್ಷನಾಗಿ ಆಯ್ಕೆಯಾಗಿದ್ದ ಲಿಂಕನ್ ಒಪ್ಪಿದ್ದ. ಹೊಸ ನೆಲಕ್ಕೆ ಹಬ್ಬಿಸೋದಕ್ಕೆ ಮಾತ್ರ ಆಗೋದೇ ಇಲ್ಲ ಅಂದ. ರಾಜಿ ಮುರಿದದ್ದು ಅಲ್ಲಿ.

ಕಾಕಾ: ಇದು ನಿನ್ನ ವ್ಯಾಖ್ಯಾನ.

ನಾನು: ಹಾಗಾದರೆ ಅವರ ಬಾಯಲ್ಲೇ ಕೇಳಿ. ಒಕ್ಕೂಟ ಬಿಡಲು ಕಾರಣ ಏನು ಅಂತ ದಕ್ಷಿಣ ಕ್ಯಾರೊಲಿನಾ 1860ರ ಡಿಸೆಂಬರ್ 24ಕ್ಕೆ ಪ್ರಕಟಿಸಿದ ಘೋಷಣೆಯಲ್ಲಿ ಸುಂಕದ ದೂರೇ ಇಲ್ಲ. ಓಡಿಹೋದ ಗುಲಾಮರನ್ನು ವಾಪಸ್ ಕೊಡುತ್ತಿಲ್ಲ ಅಂತ ಉತ್ತರದ ರಾಜ್ಯಗಳ ಹೆಸರು ಹಿಡಿದು ದೂರಿದೆ. ಮಿಸಿಸಿಪ್ಪಿಯ ಘೋಷಣೆ ಶುರುವಿನಲ್ಲೇ ಹೇಳ್ತದೆ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ. ಇನ್ನು ಒಕ್ಕೂಟ ಬಿಟ್ಟ ರಾಜ್ಯಗಳು ಸೇರಿ ಬರೆದುಕೊಂಡ ಹೊಸ ಸಂವಿಧಾನ. ಅದರ ಪ್ರಕಾರ ಮುಂದೆ ಸಿಗುವ ಯಾವ ಹೊಸ ಪ್ರದೇಶದಲ್ಲೂ ಗುಲಾಮಗಿರಿಯನ್ನು ಅವರ ಕಾಂಗ್ರೆಸ್ಸು ಕಾಪಾಡಲೇಬೇಕು. ಅಲ್ಲಿಯ ಜನ ಬೇಡ ಅಂದರೂ ಅಷ್ಟೇ.

ಅಣ್ಣ: ಡಗ್ಲಾಸ್ ಕೊಟ್ಟ ಓಟಿನ ಹಕ್ಕೂ ಹೋಯ್ತು ಅಂತ ಅರ್ಥ ಕಾಕಾ.

ಕಾಕು: ಪೂಜೆಗೆ ಬರೋರ ಹೆಸರು ಇನ್ನೂ ಮೂರೇ ಬಂದಿದೆ.

ಕಾಕಾ: ಬರ್ತಾರೆ, ತಡಿ. ಏನವ್ವಾ, ಸುಂಕ ಬಿಟ್ಟೆ, ರಾಜ್ಯದ ಹಕ್ಕೂ ಬಿಟ್ಟೆ ಅಂತ ಇಟ್ಕೋ. ಲಿಂಕನ್ ವಿಷಯ ಮಾತ್ರ ಬಿಡೋದಿಲ್ಲ. 1862ರ ಆಗಸ್ಟಿನಲ್ಲಿ ಅವನೇ ಬರೆದ ಪತ್ರ ಇದೆ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯೋದಾದರೆ ಹಾಗೇ ಮಾಡ್ತೀನಿ ಅಂತ. ಇದಕ್ಕೇನು ಹೇಳ್ತಿ?

ನಾನು: ಪತ್ರ ನಿಜ. ಪತ್ರಿಕೆಯ ಸಂಪಾದಕ ಗ್ರೀಲಿಗೆ ಬರೆದದ್ದು. ಆದರೆ ಅದಕ್ಕೆ ಒಂದು ತಿಂಗಳು ಮೊದಲು, ಜುಲೈ 22ಕ್ಕೆ, ಗುಲಾಮರ ಬಿಡುಗಡೆಯ ಘೋಷಣೆಯ ಕರಡನ್ನು ಅವನು ಸಂಪುಟದ ಮುಂದೆ ಓದಿ ಆಗಿತ್ತು. ಯುದ್ಧದಲ್ಲಿ ಒಂದು ಗೆಲುವು ಬರಲಿ ಅಂತ ಕಾಯ್ತಾ ಇದ್ದ. ಜನರನ್ನು ಸಿದ್ಧ ಮಾಡೋದಕ್ಕೆ ಆ ಪತ್ರ.

ಕಾಕಾ: ಅಂದರೆ ಒಳಗೊಂದು ಇಟ್ಕೊಂಡು ಹೊರಗೊಂದು ಹೇಳಿದ.

ನಾನು: ರಾಜಕಾರಣಿ ಅಲ್ವಾ ಕಾಕಾ ಅವನು.

ಕಾಕಾ: ಬೆಳಗ್ಗೆಯಿಂದ ನಾನು ಹೇಳ್ತಾ ಇರೋದೂ ಅದನ್ನೇ!