ಡೆಸ್ಡೆಮೋನಾಳ ಹಾಡು ಎಲ್ಲಿ ಹೋಯಿತು?

ಹಳೇರಂಗಪ್ರೇಮಿ: ಶೇಕ್ಸ್‌ಪಿಯರ್ ಕಾಲದ ಲಂಡನ್ನಿನಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದವರು ಹುಡುಗರು. ಗೌನು ತೊಡಿಸಬಹುದು, ಬಣ್ಣ ಬಳಿಯಬಹುದು. ಗಂಟಲು ಒಡೆದರೆ ಏನು ಮಾಡುವುದು? ‘ಒಥೆಲೋ’ದಲ್ಲಿ ಸಾಯುವ ಮುಂಚೆ ಒಥೆಲೋನ ಹೆಂಡತಿ ಡೆಸ್ಡೆಮೋನಾ ವಿಲೋ ಮರದ ಹಾಡು ಹಾಡುತ್ತಾಳೆ. 1623ರ ಫೋಲಿಯೋದಲ್ಲಿ, ಅಂದರೆ ಶೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಗ್ರಹದಲ್ಲಿ ಹಾಡಿದೆ, ಇದೊಂದೇ ನಾಟಕದ 1622ರ ಪುಸ್ತಕದಲ್ಲಿ ಇಲ್ಲ. ಹುಡುಗನ ದನಿ ಒಡೆದು ಕೈಬಿಟ್ಟರು ಅಂತ ನನ್ನ ಗುಮಾನಿ.

ಮಲ್ಲಿಗೆಮೊಗ್ಗು: ಗುಮಾನಿ ಸರಿ ಸಾರ್, ಪುರಾವೆ? 1622ರಲ್ಲಿ ಬೇರೆ ಸಾಲುಗಳೂ ಇಲ್ಲ. ನಾಟಕ ಉದ್ದವಾಯಿತು ಅಂತ ಕತ್ತರಿ ಹಾಕಿರಬಹುದು, ಅಲ್ವಾ?

ಹಳೇರಂಗಪ್ರೇಮಿ: ‘ಟ್ವೆಲ್ಫ್ತ್ ನೈಟ್’ ನೋಡಿ. ಗಂಡುವೇಷ ಹಾಕುವ ಮುಂಚೆ ನಾಯಕಿ ವಯೋಲಾ ‘ನಾನು ಹಾಡಬಲ್ಲೆ’ ಅನ್ನುತ್ತಾಳೆ. ಆಮೇಲೆ ಡ್ಯೂಕ್ ಅವಳ ಕಡೆ ತಿರುಗಿ ಹಾಡು ಕೇಳಿದರೆ, ಪಕ್ಕದವನು ‘ಹಾಡಬೇಕಾದವನು ಇಲ್ಲಿಲ್ಲ’ ಅಂತಾನೆ! ಕೊನೆಗೆ ಹಾಡುವುದು ವಿದೂಷಕ. ಅಲ್ಲೂ ಹುಡುಗನ ದನಿ ಒಡೆದಿರಬೇಕು. ಹ್ಯಾಮ್ಲೆಟ್ ಕೂಡ ನಾಟಕದ ಹುಡುಗನಿಗೆ, ನಿನ್ನ ದನಿ ಬಿರುಕುಬಿಟ್ಟ ಚಿನ್ನದ ನಾಣ್ಯದಂತೆ ಚಲಾವಣೆ ಕಳೆದುಕೊಳ್ಳದಿರಲಿ ಅನ್ನುತ್ತಾನೆ. ಕಂಪನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಚೆಂಡೆಮದ್ದಳೆ: ಯಕ್ಷಗಾನದ ಸ್ತ್ರೀವೇಷಕ್ಕೆ ಈ ತಾಪತ್ರಯ ಇಲ್ಲ ನೋಡಿ. ಪದ್ಯ ಭಾಗವತರದ್ದು. ವೇಷಧಾರಿ ಕುಣಿದು ಅರ್ಥ ಹೇಳಿದರಾಯಿತು.

ಮಲ್ಲಿಗೆಮೊಗ್ಗು: ನನಗೆ ಕಾಡುವುದು ಬೇರೆ. ಆ ನಾಟಕಗಳಲ್ಲಿ ‘ಹೆಣ್ಣಿನ ದನಿ’ ಅನ್ನುವುದೇ ಗಂಡಸರು ಕಟ್ಟಿದ್ದು. ಸತ್ತ ಮಗಳು ಕಾರ್ಡೀಲಿಯಾಳ ದನಿ ಮೆತ್ತಗಿತ್ತು, ಹೆಣ್ಣಿಗೆ ಅದು ಒಳ್ಳೆಯದು ಅಂತಾನೆ ರಾಜ ಲಿಯರ್. ಮಾತಾಡದ ಹೆಣ್ಣೇ ಬೇಕು ಅನ್ನುವ ಮುದುಕನ ಕಥೆ ಅದೇ ಕಾಲದ ನಾಟಕಕಾರ ಬೆನ್ ಜಾನ್ಸನ್‌ನ ‘ಎಪಿಸೀನ್’. ಮದುವೆಯಾದ ಕೂಡಲೇ ಹೆಂಡತಿ ಬಾಯಿ ಬಿಡುತ್ತಾಳೆ. ಕೊನೆಗೆ ನೋಡಿದರೆ ಅವಳು ಹೆಣ್ಣೇ ಅಲ್ಲ, ಹುಡುಗ. ಕಥೆಯೊಳಗೂ ಹುಡುಗ, ರಂಗದ ಮೇಲೂ ಹುಡುಗ. ನೋಡುವವರೂ ಬೇಸ್ತು!

ಚೆಂಡೆಮದ್ದಳೆ: ಶೇಕ್ಸ್‌ಪಿಯರ್‌ನ ಕ್ಲಿಯೋಪಾತ್ರಾ ಇನ್ನೂ ಜೋರು. ಯಾವನೋ ಕೀರಲು ದನಿಯ ಹುಡುಗ ನನ್ನ ಪಾತ್ರ ಮಾಡ್ತಾನೆ ಅಂತ ಹೇಸುತ್ತಾಳೆ. ಆ ಮಾತು ಆಡುತ್ತಿರುವುದೂ ಒಬ್ಬ ಹುಡುಗನೇ. ದನಿ ಸ್ವಲ್ಪ ಕೀರಲಿದ್ದರೂ ಸಭೆ ನಕ್ಕುಬಿಡುತ್ತೆ. ಹುಡುಗನ ಗಂಟಲ ಮೇಲೆ ಎಷ್ಟು ನಂಬಿಕೆ ಇದ್ದರೆ ಅಂಥ ಸಾಲು ಬರೆಯಬಹುದು!

ಹಳೇರಂಗಪ್ರೇಮಿ: ಡೆಸ್ಡೆಮೋನಾಗೆ ವಾಪಸ್ ಬರೋಣ. ಸಾಯುವಾಗ ಅವಳ ಸಖಿ ಎಮಿಲಿಯಾ ಅದೇ ಹಾಡು ನೆನೆದು ‘ವಿಲೋ ವಿಲೋ’ ಅನ್ನುತ್ತಾಳಲ್ಲ, 1622ರಲ್ಲಿ ಅದೂ ಇಲ್ಲ. ಬೇಕೆಂದೇ ತೆಗೆದಿದ್ದಾರೆ.

ಮಲ್ಲಿಗೆಮೊಗ್ಗು: ಬೇಕೆಂದೇ ತೆಗೆದರು, ಒಪ್ಪಿದೆ. ಗಂಟಲಿಗಾಗಿ ತೆಗೆದರು ಅನ್ನೋದನ್ನ ಮಾತ್ರ ಇನ್ನೂ ಒಪ್ಪಿಲ್ಲ ಸಾರ್.