ನಿಜವಾಗಿ ಬದುಕಿದ್ದವರನ್ನು ಕಾದಂಬರಿಗೆ ತರುವಾಗ ಲೇಖಕರಿಗೆ ಎಷ್ಟು ಸ್ವಾತಂತ್ರ್ಯವಿರಬೇಕು?

ಪ್ರಶ್ನೆ: ಓದುಬಳಗದ ಸದಸ್ಯೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಬಳಗದಲ್ಲಿ ಈಚೆಗೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿ ಚರ್ಚಿಸಿದೆವು. ಕೊಡಗಿನ ಹಾಲೇರಿ ಮನೆತನದ ಕೊನೆಯ ಅರಸ ರಾಜ್ಯ ಕಳೆದುಕೊಂಡ ಕಥೆಯನ್ನು ಹೇಳುವ ಈ ಕೃತಿ 1956ರಲ್ಲಿ ಪ್ರಕಟವಾಯಿತು ಎಂಬುದು ಇಲ್ಲಿನ ಬಹುತೇಕರಿಗೆ ತಿಳಿದೇ ಇದೆ. ಕಾದಂಬರಿಯ ಕಲೆಗಾರಿಕೆಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಭಿನ್ನಾಭಿಪ್ರಾಯ ಹುಟ್ಟಿದ್ದು ಅರಸನ ಪಾತ್ರದ ಬಗ್ಗೆ. ಕುಡಿತ, ಕಾಮ, ಕ್ರೌರ್ಯಗಳಲ್ಲಿ ಮುಳುಗಿದ ದೊರೆ, ಅವನ ಎಲ್ಲ ಕೆಡುಕುಗಳಿಗೂ ಜೊತೆಯಾಗುವ ಕುಂಟ ಬಸವ, ಇವರಿಬ್ಬರ ನಡುವೆ ಘನತೆಯನ್ನು ಬಿಡದೆ ನಿಲ್ಲುವ ರಾಣಿ ಗೌರಮ್ಮಾಜಿ: ಈ ಚಿತ್ರ ಓದುಗರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿಯುತ್ತದೆಂದರೆ, ಮುಂದೆ ಚಿಕವೀರರಾಜನ ಹೆಸರು ಕೇಳಿದಾಗಲೆಲ್ಲ ನೆನಪಾಗುವುದು ಇತಿಹಾಸದ ಅರಸನಲ್ಲ, ಮಾಸ್ತಿಯವರ ಅರಸ.

ಬಳಗದ ಒಬ್ಬ ಹಿರಿಯರು, ಕಾದಂಬರಿಕಾರರು ಕಥೆಯ ಸತ್ಯಕ್ಕೆ ಮಾತ್ರ ಬದ್ಧರು, ದಾಖಲೆ ಬೇಕಾದವರು ಇತಿಹಾಸದ ಪುಸ್ತಕವನ್ನು ಓದಬೇಕು ಎಂದರು. ಮತ್ತೊಬ್ಬರು, ಸತ್ತವರಿಗೆ ತಮ್ಮ ಪರವಾಗಿ ಮಾತನಾಡಲು ಆಗುವುದಿಲ್ಲವಾದ್ದರಿಂದ ನಿಜವಾದ ಹೆಸರನ್ನು ಬಳಸುವ ಲೇಖಕರ ಮೇಲೆ ಹೆಚ್ಚಿನ ಹೊಣೆ ಇರುತ್ತದೆ ಎಂದು ವಾದಿಸಿದರು. ನನಗೆ ಇಬ್ಬರ ಮಾತಿನಲ್ಲೂ ಹುರುಳಿದೆ ಎನ್ನಿಸಿತು. ಆದರೆ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವ ದಾರಿ ಕಾಣಲಿಲ್ಲ. ಈ ಅರಸನ ವಿಷಯದಲ್ಲಿ ದಾಖಲೆ ಎಲ್ಲಿಯವರೆಗೆ ನಮ್ಮನ್ನು ಕರೆದೊಯ್ಯುತ್ತದೆ? ನಿಜ ಜೀವನವನ್ನು ಆಧರಿಸಿದ ಬೇರೆ ಕನ್ನಡ ಕಾದಂಬರಿಗಳು ಈ ಹೊಣೆಯನ್ನು ಹೇಗೆ ನಿಭಾಯಿಸಿವೆ? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ಮಡಿಕೇರಿ

ಮಾನ್ಯರೇ, ಖಚಿತವಾದ ಸಂಗತಿಗಳನ್ನು ಮೊದಲು ಬೇರೆ ಮಾಡಿಕೊಳ್ಳೋಣ. ತಂದೆ ಲಿಂಗರಾಜನ ನಂತರ ಚಿಕವೀರರಾಜ 1820ರಲ್ಲಿ ಪಟ್ಟಕ್ಕೆ ಬಂದ. ಸಹೋದರಿ ದೇವಮ್ಮಾಜಿ ಮತ್ತು ಆಕೆಯ ಗಂಡ ಚೆನ್ನಬಸವ 1832ರಲ್ಲಿ ಅವನಿಗೆ ಹೆದರಿ ಕೊಡಗನ್ನು ಬಿಟ್ಟು ಮೈಸೂರು ಸೀಮೆಗೆ ಹೋಗಿ ಬ್ರಿಟಿಷರ ಆಶ್ರಯ ಪಡೆದರು. ಅವರನ್ನು ತನಗೆ ಒಪ್ಪಿಸಬೇಕೆಂದು ಅರಸ ಕೇಳಿದ, ಕಂಪನಿ ಒಪ್ಪಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೇನೆ ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕು ಮಡಿಕೇರಿಯನ್ನು ಹಿಡಿಯಿತು. ಅರಸನನ್ನು ಪದಚ್ಯುತಗೊಳಿಸಿ ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳುಹಿಸಲಾಯಿತು. 1852ರಲ್ಲಿ ಅವನು ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಆಕೆಗೆ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿದ ಅರಸ 1859ರಲ್ಲಿ ಅಲ್ಲಿಯೇ ತೀರಿಕೊಂಡ.

ಇನ್ನು ಕ್ರೌರ್ಯದ ವಿಷಯ. ಅವನ ಆಳ್ವಿಕೆಯಲ್ಲಿ ಕೊಲೆಗಳು ನಡೆದವೆಂಬುದನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಒಡಹುಟ್ಟಿದವಳೇ ಪ್ರಾಣಭಯದಿಂದ ಓಡಿಹೋದದ್ದು ಸಣ್ಣ ಸಂಗತಿಯಲ್ಲ. ಆದರೆ ಈ ಆರೋಪಗಳ ವಿವರವಾದ ಪಟ್ಟಿ ನಮಗೆ ದೊರೆಯುವುದು ಹೆಚ್ಚಾಗಿ ರಾಜ್ಯವನ್ನು ಕಿತ್ತುಕೊಂಡವರ ಬರಹಗಳಿಂದ. ಸೇನೆಯೊಂದಿಗೆ ಬಂದಿದ್ದ ಕಂಪನಿಯ ಪ್ರತಿನಿಧಿ ಕರ್ನಲ್ ಫ್ರೇಸರ್ 1834ರ ಮೇ 7ರಂದು ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಂತೆ ಈ ಸೀಮೆಯನ್ನು ಕಂಪನಿಯ ಆಡಳಿತಕ್ಕೆ ಸೇರಿಸಿಕೊಳ್ಳಲಾಗಿದೆ ಎಂಬ ಮಾತಿದೆ. ಒಂದು ರಾಜ್ಯವನ್ನು ನುಂಗುವವರಿಗೆ ಅದರ ಅರಸ ರಾಕ್ಷಸನಾಗಿರುವುದು ಅನುಕೂಲ. ಇದೇ ಯುದ್ಧದಲ್ಲಿ ಉತ್ತರದಿಂದ ಬಂದ ಕಂಪನಿಯ ತುಕಡಿಯನ್ನು ಕೊಡವ ಯೋಧರು ಕಾದಾಡಿ ಹಿಮ್ಮೆಟ್ಟಿಸಿದ್ದರು ಎಂಬುದನ್ನೂ, ಮೂರೇ ವರ್ಷಗಳಲ್ಲಿ, 1837ರಲ್ಲಿ, ಹಾಲೇರಿ ಮನೆತನದ ಹೆಸರಿನಲ್ಲಿ ಅಮರ ಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು ಎಂಬುದನ್ನೂ ಆ ‘ಒಮ್ಮತ’ದ ಪಕ್ಕದಲ್ಲಿಟ್ಟು ನೋಡಬೇಕು. ಸುಳ್ಯ, ಪುತ್ತೂರು ಭಾಗಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ್ದು ಮತ್ತು ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿದ್ದು ಆ ದಂಗೆಗೆ ಮುಖ್ಯ ಕಾರಣಗಳು. ಆದರೂ ಜನರನ್ನು ಒಟ್ಟುಗೂಡಿಸಲು ನಾಯಕರಿಗೆ ಆ ಅರಸುಮನೆತನದ ಹೆಸರೇ ಬೇಕಾಯಿತು.

ಮಾಸ್ತಿಯವರ ಬಗ್ಗೆ ನನಗಿರುವ ಗೌರವ ದೊಡ್ಡದು. ಅವರು ಅರಸನನ್ನು ಬರಿಯ ದುಷ್ಟನನ್ನಾಗಿ ಮಾಡಲಿಲ್ಲ. ಬಸವನ ಹುಟ್ಟಿನ ಗುಟ್ಟು, ಭಗವತಿಯ ಪಾತ್ರ, ತಂದೆಯ ಕಾಲದ ಪಾಪ ಮಗನ ಕಾಲಕ್ಕೆ ಹರಿದು ಬರುವ ಬಗೆ: ಇವೆಲ್ಲ ಕಾದಂಬರಿಯ ನೇಯ್ಗೆ, ಮತ್ತು ಈ ನೇಯ್ಗೆಯಿಂದಲೇ ದೊರೆ ನಮಗೆ ಮನುಷ್ಯನಾಗಿ ಕಾಣುತ್ತಾನೆ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯರಂಥ ಸಜ್ಜನ ಮಂತ್ರಿಗಳೂ ಕೊನೆಗೆ ರಾಜ್ಯವನ್ನು ಉಳಿಸಲಾರದೆ ಹೋಗುವುದನ್ನು ತೋರಿಸಿ, ಪತನದ ಹೊಣೆಯನ್ನು ಒಬ್ಬನ ತಲೆಗೆ ಕಟ್ಟದಿರುವ ವಿವೇಕ ಆ ಕೃತಿಗಿದೆ. ಆದರೆ ಓದುಗರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ದಾಖಲೆ ಇಲ್ಲದ ಕಡೆ ಕಲ್ಪಿಸುವುದು ಒಂದು. ಒಂದೇ ಪಕ್ಷದವರು ಬರೆದಿಟ್ಟ ದಾಖಲೆಯ ಮೇಲೆ ಕಲ್ಪನೆಯನ್ನು ಕಟ್ಟುವುದು ಇನ್ನೊಂದು. ಎರಡನೆಯದರಲ್ಲಿ ಲೇಖಕರಿಗೆ ಅರಿವಿಲ್ಲದೆಯೇ ಗೆದ್ದವರ ವಾದಕ್ಕೆ ಬಲ ಸಿಕ್ಕಿಬಿಡಬಹುದು. ನಿಮ್ಮ ಬಳಗದ ಎರಡನೆಯ ಹಿರಿಯರ ಆತಂಕಕ್ಕೆ ಇಲ್ಲಿ ಆಧಾರವಿದೆ ಎಂದು ನನ್ನ ಅಭಿಪ್ರಾಯ.

ಉತ್ತರ: ಓದುಗ, ಕಾಸರಗೋಡು

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಆದರೆ ಕಥೆ ನಡೆದು ನೂರಾರು ವರ್ಷಗಳಾಗಿರುವಾಗ ಈ ಪ್ರಶ್ನೆ ಸ್ವಲ್ಪ ಹಗುರ. ಪಾತ್ರಗಳ ಅಣ್ಣತಮ್ಮಂದಿರು, ಹೆಂಡತಿ ಮಕ್ಕಳು ಬದುಕಿರುವಾಗಲೇ ಕಾದಂಬರಿ ಬಂದರೆ ಏನಾಗುತ್ತದೆ ಎಂಬುದಕ್ಕೆ, ಕಯ್ಯೂರಿನ ರೈತ ಹೋರಾಟದ ಕಥೆ ಹೇಳುವ ನಿರಂಜನರ ‘ಚಿರಸ್ಮರಣೆ’ಯನ್ನು ನೋಡಬೇಕು.

ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. ಜಮೀನುದಾರರ ವಿರುದ್ಧ ರೈತ ಸಂಘ ಕಟ್ಟಿದ್ದ ಹಳ್ಳಿ ಅದು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಎದುರಾದ ಸುಬ್ಬರಾಯನೆಂಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ಊರಿಗೆ ಊರೇ ಪೊಲೀಸರ ಹಿಂಸೆಗೆ ಗುರಿಯಾಯಿತು. ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಮಠತ್ತಿಲ್ ಅಪ್ಪು, ಕೊಯಿತಾಟಿಲ್ ಚಿರುಕಂಡ, ಪೊಡೋರ ಕುಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನಿಗೆ ವಯಸ್ಸು ತುಂಬಿರಲಿಲ್ಲವೆಂಬ ಕಾರಣಕ್ಕೆ ಗಲ್ಲು ತಪ್ಪಿತು.

ಕಯ್ಯೂರಿಗೆ ಹತ್ತಿರದ ನೀಲೇಶ್ವರದ ಶಾಲೆಯಲ್ಲಿ ಓದಿದ ನಿರಂಜನರಿಗೆ ಆ ಮಣ್ಣು, ಆ ಜನ ಹೊರಗಿನವರಾಗಿರಲಿಲ್ಲ. ಕಾದಂಬರಿ ಬಂದದ್ದು 1955ರಲ್ಲಿ; ಗಲ್ಲಿಗೇರಿಸಿ ಹನ್ನೆರಡು ವರ್ಷಗಳಷ್ಟೇ ಆಗಿದ್ದವು. ಅವರು ಅಪ್ಪು, ಚಿರುಕಂಡರ ಹೆಸರುಗಳನ್ನು ಬದಲಿಸಲಿಲ್ಲ. ಅವರನ್ನು ಹುಡುಗರಾಗಿದ್ದ ಕಾಲದಿಂದ ನಮ್ಮೆದುರು ಬೆಳೆಸಿದರು. ಅಕ್ಷರ ಕಲಿಸುವ ಮೇಷ್ಟ್ರು ಸಂಘಟನೆಯನ್ನೂ ಕಲಿಸುವ ಬಗೆ, ಗೇಣಿ ಅಳೆಯುವಾಗಿನ ಅವಮಾನ, ಊರಿನ ದೈನಂದಿನ ಬದುಕು ಇವುಗಳಲ್ಲಿ ಬಹುಪಾಲನ್ನು ಯಾವ ನ್ಯಾಯಾಲಯದ ಕಡತವೂ ಕೊಡುವುದಿಲ್ಲ. ಕಡತದಲ್ಲಿ ಈ ನಾಲ್ವರು ಆರೋಪಿಗಳು. ಅಲ್ಲಿ ಅವರಿಗೆ ಬಾಲ್ಯವಿಲ್ಲ. ಕಾದಂಬರಿ ಮಾಡಿದ ಕೆಲಸವೆಂದರೆ ಆ ಬಾಲ್ಯವನ್ನು ಅವರಿಗೆ ಹಿಂದಿರುಗಿಸಿದ್ದು. ಲೇಖಕರು ಯಾರ ಪಕ್ಷ ವಹಿಸಿದ್ದಾರೆ ಎಂಬುದನ್ನು ಮುಚ್ಚಿಡುವುದೂ ಇಲ್ಲ, ಆದ್ದರಿಂದ ಓದುಗರಿಗೆ ಮೋಸವಾಗುವುದಿಲ್ಲ.

ಆದರೂ ನನ್ನನ್ನು ಕಾಡುವ ಒಂದು ಸಂಗತಿಯನ್ನು ಹೇಳಲೇಬೇಕು. ಆ ಪೇದೆಯೂ ನಿಜವಾದ ಮನುಷ್ಯನೇ. ಇಡೀ ಪ್ರಕರಣದಲ್ಲಿ ಜಮೀನುದಾರನಿಗಿಂತಲೂ ಸರ್ಕಾರಕ್ಕಿಂತಲೂ ಅವನು ಚಿಕ್ಕವನು. ನಿಜಘಟನೆಯ ಕಾದಂಬರಿಗಳಲ್ಲಿ ನಾಯಕರಿಗೆ ನ್ಯಾಯ ಸಿಗುತ್ತದೆ, ದೊಡ್ಡ ಖಳರಿಗೂ ಕೆಲವೊಮ್ಮೆ ಆಳ ಸಿಗುತ್ತದೆ. ಇಂಥ ನಡುವಿನವರು ಘಟನೆಗೆ ಬೇಕಾದಷ್ಟು ಮಾತ್ರ ಕಾಣಿಸಿಕೊಂಡು ಮರೆಯಾಗುತ್ತಾರೆ. ಸ್ವಾತಂತ್ರ್ಯದ ಪ್ರಶ್ನೆಯನ್ನು ಕೇಳುವಾಗ ಅರಸರ ಜೊತೆಗೆ ಇವರ ಬಗ್ಗೆಯೂ ಕೇಳಬೇಕು.

ಉತ್ತರ: ಶಾಸನಾಸಕ್ತೆ, ಹಾಸನ

ದಾಖಲೆ ಮೌನವಾಗಿರುವ ಕಡೆ ಕಲ್ಪಿಸುವುದಕ್ಕೆ ಇಲ್ಲಿ ಯಾರೂ ಆಕ್ಷೇಪಿಸಿಲ್ಲ. ಅಲ್ಲಿಯೂ ತೊಂದರೆ ಇದೆ ಎನ್ನಲು ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯ ಉದಾಹರಣೆ ಕೊಡುತ್ತೇನೆ.

ಶ್ರವಣಬೆಳಗೊಳದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ ಇಂದಿಗೂ ಇದೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ದೇಹಬಿಟ್ಟಳು ಎಂದು ಬೆಳಗೊಳದ ಶಾಸನ ಹೇಳುತ್ತದೆ. ಮಗಳ ಅಗಲಿಕೆಯ ನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ (ಉಪವಾಸವಿದ್ದು ದೇಹಬಿಡುವ ಜೈನ ವ್ರತ) ಸ್ವೀಕರಿಸಿದಳೆಂಬುದೂ ಅದರಲ್ಲಿದೆ. ಶಾಂತಲೆ ಹೇಗೆ, ಯಾಕೆ ತೀರಿಕೊಂಡಳು ಎಂಬುದನ್ನು ಬಿಡಿಸಿ ಹೇಳುವ ಮಾತು ಶಾಸನದಲ್ಲಿಲ್ಲ. ಆದರೆ ಶಿವಗಂಗೆಯ ಬೆಟ್ಟ ಹತ್ತುವ ಪ್ರವಾಸಿಗರಿಗೆ ತುದಿಯ ಬಂಡೆಯೊಂದನ್ನು ತೋರಿಸಿ, ರಾಣಿ ಇಲ್ಲಿಂದಲೇ ಧುಮುಕಿದಳು ಎಂದು ಹೇಳುವುದು ರೂಢಿಯಾಗಿದೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಓದುಗರ ಮನಸ್ಸನ್ನು ಸೂರೆಗೊಂಡ ಮೇಲೆ ಆ ಕಥೆಯನ್ನು ಸಂಶಯಿಸುವವರೇ ವಿರಳ. ಕಲೆ, ದಾನ, ಧರ್ಮ, ಆಡಳಿತಗಳಿಗಾಗಿ ಶಾಸನಗಳು ಬಾಯ್ತುಂಬ ಹೊಗಳುವ ಹೆಂಗಸೊಬ್ಬಳು ಜನರ ನೆನಪಿನಲ್ಲಿ ಬೆಟ್ಟದಿಂದ ಬಿದ್ದು ಸತ್ತವಳಾಗಿ ಉಳಿದಿದ್ದಾಳೆ. ಇದರಿಂದ ನನಗೆ ನಿಜವಾಗಿಯೂ ನೋವಾಗುತ್ತದೆ.

ಕಾದಂಬರಿಯನ್ನು ದೂರುವುದು ನನ್ನ ಉದ್ದೇಶವಲ್ಲ, ಸಿ.ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಶಾಸನಗಳನ್ನು ಜೊತೆಗಿಟ್ಟುಕೊಂಡೇ ವಿಸ್ತಾರವಾಗಿ ಬರೆದರು. ನನ್ನ ಬೇಡಿಕೆ ಇಷ್ಟೇ: ನಿಜ ವ್ಯಕ್ತಿಯನ್ನು ಕುರಿತ ಪ್ರತಿ ಕಾದಂಬರಿಯ ಕೊನೆಯಲ್ಲಿ ಲೇಖಕರು ಎರಡು ಪುಟ ಬರೆದು, ಯಾವುದು ಶಾಸನದಿಂದ ಬಂದದ್ದು, ಯಾವುದು ಐತಿಹ್ಯ, ಯಾವುದು ತಮ್ಮ ಕಲ್ಪನೆ ಎಂದು ತಿಳಿಸಬೇಕು. ಮುಖ್ಯವಾಗಿ, ಸಾವಿನ ಬಗ್ಗೆ ಕಲ್ಪಿಸಿದ್ದರೆ ಅದನ್ನು ಹೇಳಲೇಬೇಕು, ಏಕೆಂದರೆ ಒಂದು ಬಾಳಿನಲ್ಲಿ ಜನ ಕೊನೆಗೆ ನೆನಪಿಟ್ಟುಕೊಳ್ಳುವುದು ಅದನ್ನೇ.

ಉತ್ತರ: ಓದುಗ, ಚಿತ್ರದುರ್ಗ

ಎರಡು ಪುಟದ ಟಿಪ್ಪಣಿಗೆ ನನ್ನ ವಿರೋಧವಿಲ್ಲ, ಆದರೆ ಅದರಿಂದ ಹೆಚ್ಚು ಪ್ರಯೋಜನವಾಗುತ್ತದೆ ಎಂದು ನನಗನ್ನಿಸುವುದಿಲ್ಲ. ನಮ್ಮ ಊರಿನಲ್ಲಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿದವರು ಟಿಪ್ಪಣಿಗಾಗಿ ಕೊನೆಯ ಪುಟಕ್ಕೆ ಹೋಗುವುದಿಲ್ಲ, ಕೋಟೆಗೆ ಹೋಗುತ್ತಾರೆ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದ ಎಂಬುದು ಕಾದಂಬರಿ ತೆರೆಯುವ ಮೊದಲೇ ನಮಗೆ ಗೊತ್ತಿರುತ್ತದೆ. ಅಂತ್ಯ ಗೊತ್ತಿದ್ದೂ ನೂರಾರು ಪುಟಗಳನ್ನು ಓದಿಸಿಕೊಂಡು ಹೋಗುವ ಶಕ್ತಿ ಎಲ್ಲಿಂದ ಬರುತ್ತದೆ? ಇಷ್ಟು ಗಟ್ಟಿಯಾದ ಕೋಟೆ, ಇಷ್ಟು ನಂಬಿಗಸ್ತ ಜನ ಇದ್ದೂ ಯಾಕೆ ಸೋತೆವು ಎಂಬ ಪ್ರಶ್ನೆ ಊರಿನವರಿಗೆ ಇನ್ನೂ ಜೀವಂತವಾಗಿರುವುದರಿಂದ ಬರುತ್ತದೆ.

ಚಿತ್ರದುರ್ಗದ ಪಾಳೆಯಗಾರರ ಬಗ್ಗೆ ಎಂ.ಎಸ್. ಪುಟ್ಟಣ್ಣನವರಂಥವರು ಮೊದಲೇ ಪುಸ್ತಕ ಬರೆದಿದ್ದರು. ಅವು ಬಲ್ಲವರ ಕಪಾಟುಗಳಲ್ಲಿ ಇದ್ದವು. ‘ಕಂಬನಿಯ ಕುಯಿಲು’ವಿನಿಂದ ಮೊದಲ್ಗೊಂಡು ‘ದುರ್ಗಾಸ್ತಮಾನ’ದವರೆಗಿನ ಕಾದಂಬರಿಗಳು ಆ ಇತಿಹಾಸವನ್ನು ಮನೆಮನೆಗೆ ತಂದವು. ಕಾದಂಬರಿ ಓದಿ ಕುತೂಹಲ ಕೆರಳಿ, ಆಮೇಲೆ ಇತಿಹಾಸವನ್ನು ಹುಡುಕಿಕೊಂಡು ಹೋದವರನ್ನು ನಾನು ಬಲ್ಲೆ. ಇತಿಹಾಸ ಓದಿ ಕಾದಂಬರಿಗೆ ಬಂದವರು ನನಗೆ ಸಿಕ್ಕಿದ್ದು ಅಪರೂಪ. ಆದ್ದರಿಂದ ಲೇಖಕರ ಕೈ ಕಟ್ಟುವುದಕ್ಕಿಂತ, ಒಂದೇ ವಿಷಯದ ಮೇಲೆ ಎರಡು ಮೂರು ಕಾದಂಬರಿಗಳು ಬರಲಿ ಎಂದು ಬಯಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಮಡಿಕೇರಿಯ ಗುರುಗಳು 1837ರ ದಂಗೆಯನ್ನು ನೆನಪಿಸಿದ್ದು ನನಗೆ ಹೆಚ್ಚು ಉಪಯೋಗವಾಯಿತು, ಏಕೆಂದರೆ ನಮ್ಮ ಚರ್ಚೆ 1834ಕ್ಕೇ ನಿಂತುಹೋಗಿತ್ತು. ಹಾಸನದ ಸದಸ್ಯೆಯವರ ಟಿಪ್ಪಣಿಯ ಸಲಹೆಯನ್ನು ಬಳಗದ ಮುಂದಿಡುತ್ತೇನೆ. ಚಿತ್ರದುರ್ಗದವರು ಹೇಳಿದಂತೆ ಒಂದೇ ವಿಷಯದ ಮೇಲಿನ ಬೇರೊಂದು ಕಾದಂಬರಿಯನ್ನು ಓದಬೇಕಾದರೆ ಕೊಡಗಿಗೆ ಸಂಬಂಧಿಸಿದಂತೆ ಯಾವುದನ್ನು ಎತ್ತಿಕೊಳ್ಳಬಹುದು?

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕ, ಮಡಿಕೇರಿ

ನಿರಂಜನರದೇ ‘ಕಲ್ಯಾಣಸ್ವಾಮಿ’ ಮತ್ತು ‘ಸ್ವಾಮಿ ಅಪರಂಪಾರ’ ಕಾದಂಬರಿಗಳನ್ನು ತೆಗೆದುಕೊಳ್ಳಿ. ಅರಸು ಹೋದ ಮೇಲೆ ಅದೇ ಸೀಮೆಯಲ್ಲಿ ಕಂಪನಿಗೆ ಎದುರಾದವರ ಕಥೆಗಳು ಅವು. ಮಾಸ್ತಿಯವರು ಅರಮನೆಯೊಳಗೆ ನಿಂತು ನೋಡಿದ್ದನ್ನು ನಿರಂಜನರು ರೈತರ ಅಂಗಳದಿಂದ ನೋಡುತ್ತಾರೆ. ಅವರಿಗೂ ತಮ್ಮದೇ ಒಲವುಗಳಿವೆ, ಅವನ್ನೂ ಗಮನಿಸಿಯೇ ಓದಿ. ಸಾಧ್ಯವಾದರೆ ಚರ್ಚೆಯ ದಿನ ಫ್ರೇಸರನ ಘೋಷಣೆಯ ಸಾಲುಗಳನ್ನು ಎಲ್ಲರೆದುರು ಒಮ್ಮೆ ಗಟ್ಟಿಯಾಗಿ ಓದಿಸಿ, ಆಮೇಲೆ ಕಾದಂಬರಿಗಳ ಮಾತಿಗೆ ಬನ್ನಿ.