ಹಾರುವ ಹದ್ದು ಬರೀ ಕಪ್ಪಾಗಿ ಬರುತ್ತಿದೆ, ಏನು ಮಾಡಲಿ?

ನಮಸ್ಕಾರ. 150-600 ಎಂಎಂ ಜೂಮ್ ಇಟ್ಟುಕೊಂಡು ಹದ್ದು, ಗಿಡುಗಗಳ ಹಿಂದೆ ಬಿದ್ದಿದ್ದೇನೆ. ಆಕಾಶದಲ್ಲಿ ಹಾರುವಾಗ ತೆಗೆದರೆ ಹಕ್ಕಿ ಬರೀ ಕಪ್ಪು. ಸಂಜೆ ತೆಗೆದರೆ ಅಲುಗಿದ ಹಾಗಿರುತ್ತದೆ, ಮೇಲೆ ನಾಯ್ಸ್ (ಕಾಳುಕಾಳು ಚುಕ್ಕೆ) ಬೇರೆ. ಮಧ್ಯಾಹ್ನದ್ದು ಒಂದೂ ಶಾರ್ಪ್ ಇಲ್ಲ. ಲೆನ್ಸ್ ಬದಲಿಸಬೇಕಾ? ಅನುಭವ ಇದ್ದವರು ಹೇಳಿ.

* * *

ಸದ್ಯಕ್ಕೆ ಲೆನ್ಸ್ ಬದಲಿಸಬೇಡಿ ಸರ್. ಕಪ್ಪಾಗುವುದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ನಿಂದ. ಫ್ರೇಮ್ ತುಂಬಾ ಬೆಳ್ಳಗಿನ ಆಕಾಶ, ನಡುವೆ ಚಿಕ್ಕ ಹಕ್ಕಿ. ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕ್ಯಾಮೆರಾ ತಗ್ಗಿಸಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +1ರಿಂದ +2ರ ತನಕ ಏರಿಸಿ ನೋಡಿ. ಮೋಡದ ದಿನ ಆಕಾಶ ಪೂರ್ತಿ ಬಿಳಿಯಾಗಿ ಹೋದರೂ ಹೋಗಲಿ, ನಮಗೆ ಬೇಕಾದ್ದು ರೆಕ್ಕೆಯಡಿಯ ಗರಿ.

ಆದರೆ ಅದೇ ಹದ್ದು ಕೆಳಗಿಳಿದು ಕಪ್ಪನೆ ಮರಗಳ ಮುಂದೆ ಹಾದುಹೋದರೆ ಲೆಕ್ಕ ತಲೆಕೆಳಗು. ಈಗ +2 ಇದ್ದರೆ ಹಕ್ಕಿಯೇ ಸುಟ್ಟುಹೋಗುತ್ತದೆ. ಅದಕ್ಕೇ ಬಿಸಿಲು ಒಂದೇ ಸಮ ಇದ್ದರೆ ನಾನು ಪೂರ್ತಿ ಮ್ಯಾನುಯಲ್, ಎಲ್ಲ ಸೆಟ್ಟಿಂಗ್ ನನ್ನ ಕೈಯಲ್ಲೇ. ಹಕ್ಕಿಯ ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗುವುದಿಲ್ಲ, ಅಲ್ವಾ? ನಿಚ್ಚಳ ಬಿಸಿಲು ನಿಮ್ಮ ಬೆನ್ನಿಗಿದ್ದರೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 400, ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್ 6.3, ಶಟರ್ 1/2500 ಸೆಕೆಂಡ್ ಇಟ್ಟು ಶುರು ಮಾಡಿ, ಹಿಸ್ಟೋಗ್ರಾಮ್ (ಫೋಟೊದ ಬೆಳಕು-ಕತ್ತಲೆಯ ಗ್ರಾಫ್) ನೋಡಿಕೊಂಡು ತಿದ್ದಿ. ಗರುಡನಂಥ ಬಿಳಿ ತಲೆಯ ಹಕ್ಕಿಯಾದರೆ ಇನ್ನೂ ಅರ್ಧ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಮೈಯ ಕಂದು ಬಣ್ಣ ಆಮೇಲೆ ಎತ್ತಬಹುದು, ಸುಟ್ಟ ಬಿಳಿ ಮಾತ್ರ ವಾಪಸ್ ಬರುವುದಿಲ್ಲ.

* * *

ಮೇಲಿನವರ ಮ್ಯಾನುಯಲ್ ಮಾತು ಒಪ್ಪುತ್ತೇನೆ, ಆದರೆ ಮೋಡ ಬಂದು ಹೋಗಿ ಮಾಡುವ ದಿನ ಅದು ಕೈಕೊಡುತ್ತದೆ. ಆಗ ಶಟರ್, ಅಪರ್ಚರ್ ಎರಡನ್ನೂ ನೀವೇ ಹಿಡಿದುಕೊಂಡು ಐಎಸ್‌ಒ ಮಾತ್ರ ಆಟೋಗೆ ಬಿಡಿ. ಈಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಆ ಮೋಡ್‌ನಲ್ಲೂ ಕಾಂಪೆನ್ಸೇಶನ್ ಕೆಲಸ ಮಾಡುತ್ತದೆ.

* * *

ಎಲ್ಲರೂ ಸೆಟ್ಟಿಂಗ್ ಹೇಳುತ್ತಿದ್ದೀರಿ. ನನ್ನ ಪ್ರಕಾರ ಅದಕ್ಕಿಂತ ಮೊದಲು ನೋಡಬೇಕಾದ್ದು ಎಲ್ಲಿ ನಿಲ್ಲುತ್ತೀರಿ ಅನ್ನುವುದು. ಹದ್ದು ಹಾರಲು ಏಳುವಾಗಲೂ ಇಳಿಯುವಾಗಲೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿರುತ್ತದೆ. ಸೂರ್ಯನೂ ಗಾಳಿಯೂ ನಿಮ್ಮ ಬೆನ್ನ ಹಿಂದಿದ್ದರೆ ಹಕ್ಕಿ ನಿಮ್ಮ ಕಡೆಗೇ ಮುಖ ಮಾಡಿ ಬರುತ್ತದೆ, ಮುಖದ ಮೇಲೆ ಬೆಳಕೂ ಇರುತ್ತದೆ, ಕಣ್ಣಲ್ಲಿ ಹೊಳಪು ಸಿಗುತ್ತದೆ. ಬೆಳಗ್ಗೆ ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಮಾತ್ರ ಕಷ್ಟ. ಬೆಳಕಿರುವ ಕಡೆ ನಿಂತರೆ ಹಕ್ಕಿಯ ಬಾಲ, ಮುಖ ಸಿಗುವ ಕಡೆ ನಿಂತರೆ ಎದುರು ಬೆಳಕು. ಅಂಥ ದಿನ ಪಕ್ಕಕ್ಕೆ ನಿಂತು ಅದು ತಿರುವು ತೆಗೆದುಕೊಳ್ಳುವುದನ್ನು ಕಾಯುತ್ತೇನೆ. ಸುತ್ತು ಹೊಡೆಯುವಾಗ ಮೈ ಓರೆಯಾಗುತ್ತದಲ್ಲ, ಆ ಒಂದು ಗಳಿಗೆ ರೆಕ್ಕೆಯ ಮೇಲೆ ಪೂರ್ತಿ ಬಿಸಿಲು. ಸುತ್ತಿನ ಉಳಿದ ಭಾಗದಲ್ಲಿ ಶಟರ್ ಒತ್ತಿ ಕಾರ್ಡ್ ತುಂಬಿಸಿಕೊಳ್ಳುವುದು ಸುಮ್ನೆ ದಂಡ.

ಇನ್ನೊಂದು ವಿಷಯ. ನಡು ಮಧ್ಯಾಹ್ನವೂ ರೆಕ್ಕೆಯಡಿ ಬೆಳಕು ಸಿಗುವ ಜಾಗಗಳಿವೆ: ಬಿಳಿ ಮರಳು, ನೀರು, ಒಣಗಿದ ಹುಲ್ಲುಬಯಲು. ನೆಲದಿಂದ ಪುಟಿದ ಬೆಳಕು ನೆರಳನ್ನು ತಕ್ಕಮಟ್ಟಿಗೆ ತುಂಬುತ್ತದೆ. ದಟ್ಟ ಹಸಿರು ಕಾಡಿನ ಮೇಲೆ ಆ ಆಸೆ ಇಟ್ಟುಕೊಳ್ಳಬೇಡಿ.

ಎದುರು ಬೆಳಕೇ ಗತಿಯಾದರೆ ಹಕ್ಕಿಯ ವಿವರ ಬಿಟ್ಟುಬಿಡಿ. ಆಕಾಶಕ್ಕೆ ಎಕ್ಸ್‌ಪೋಸ್ ಮಾಡಿ, ರೆಕ್ಕೆ ಪೂರ್ತಿ ಬಿಚ್ಚಿದಾಗ ಒತ್ತಿ. ಅರೆಬರೆ ಬೂದು ಹಕ್ಕಿಗಿಂತ ಅಪ್ಪಟ ಕಪ್ಪು ಆಕೃತಿ ಎಷ್ಟೋ ವಾಸಿ.

* * *

ಸಂಜೆಯ ವಿಚಾರ. ನಾಯ್ಸ್‌ಗೆ ಹೆದರಿ ಐಎಸ್‌ಒ ಕಡಿಮೆ ಇಟ್ಟು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಬೆಳಕು ಎತ್ತಿದರೆ ನಾಯ್ಸ್ ಕಡಿಮೆಯಾಗುವುದಿಲ್ಲ, ಎಷ್ಟೋ ಸಲ ಇನ್ನೂ ಜಾಸ್ತಿ ಕಾಣುತ್ತದೆ. 6400 ಬೇಕಿದ್ದರೆ 6400 ಇಡಿ, ರಾ ಫೈಲ್‌ನಲ್ಲಿ (ಸೆನ್ಸರ್ ಕೊಟ್ಟ ಕಚ್ಚಾ ಮಾಹಿತಿಯ ಫೈಲ್) ತೆಗೆಯಿರಿ. ಕೂತ ಹಕ್ಕಿಗೆ 1/2000 ಯಾಕೆ? ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಮೇಲೆ ಲೆನ್ಸ್ ಇಟ್ಟು, ಕ್ಯಾಮೆರಾದ ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಆನ್ ಮಾಡಿದರೆ 1/250 ಸಾಕು. ಅಲ್ಲಿಗೇ ಮೂರು ಸ್ಟಾಪ್ ಉಳಿಯಿತು. ಆದರೆ ಹಾರುವ ರೆಕ್ಕೆಯನ್ನು ಸ್ಟೆಬಿಲೈಸೇಶನ್ ನಿಲ್ಲಿಸುವುದಿಲ್ಲ, ಅದಕ್ಕೆ ಶಟರೇ ಬೇಕು. ಹದ್ದು ಮುಂದಕ್ಕೆ ಬಾಗಿ ಹಿಕ್ಕೆ ಹಾಕಿತು ಅಂದರೆ ಬಹಳ ಸಲ ಹಾರುವ ಸೂಚನೆ. ತಕ್ಷಣ ಶಟರ್ ಏರಿಸಿ. ಬೆಳಕು ಸಾಲದು ಅಂತ ಗೂಡಿನ ಹತ್ತಿರ ಹೋಗುವುದು, ಗೂಬೆಗೆ ಫ್ಲ್ಯಾಶ್ ಹೊಡೆಯುವುದು ದಯವಿಟ್ಟು ಬೇಡ.

* * *

ಮಧ್ಯಾಹ್ನದ ಮಸುಕಿಗೆ ಯಾರೂ ಉತ್ತರ ಕೊಟ್ಟಿಲ್ಲ. ಅದು ಬಿಸಿಗಾಳಿಯ ಅಲೆ. ಕಾದ ನೆಲದಿಂದ ಏಳುವ ಗಾಳಿ ಬೆಳಕನ್ನು ಅಲುಗಿಸುತ್ತದೆ. 600 ಎಂಎಂನಲ್ಲಿ ದೂರದ ಹಕ್ಕಿ ತೆಗೆದರೆ ಎಂಥ ದುಬಾರಿ ಲೆನ್ಸ್ ಆದರೂ ಮಸುಕೇ. ಶಟರ್ ಏರಿಸಿದರೂ ಹೋಗುವುದಿಲ್ಲ. ಹದ್ದುಗಳು ಮೇಲೇರುವುದೂ ಅದೇ ಬಿಸಿಗಾಳಿ ಹಿಡಿದು. ಹಾಗಾಗಿ ನೆಲ ಕಾಯುವ ಮೊದಲು, ಅವು ಇನ್ನೂ ಕೊಂಬೆ ಮೇಲೆ ಕೂತಿರುವಾಗಲೇ ಹೋಗಿ. ಲೆನ್ಸ್ ಬಗ್ಗೆ ಅನುಮಾನ ಉಳಿದರೆ ಬೆಳಗಿನ ತಂಪಿನಲ್ಲಿ, ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಹತ್ತು ಮೀಟರ್ ದೂರದ ಮರದ ತೊಗಟೆಯನ್ನು ತೆಗೆಯಿರಿ. ಅದು ಶಾರ್ಪ್ ಬಂದರೆ ನಿಮ್ಮ ಲೆನ್ಸ್ ಸರಿಯಿದೆ. ಬರದಿದ್ದರೆ ಆ ಫೋಟೊ ಇಲ್ಲಿ ಹಾಕಿ, ನೋಡೋಣ.